ಮೂರು ಸೂಪರ್ ಬೌಲ್ ಗೆದ್ದ ಮಹೋಮ್ಸ್ ಎರಡರಲ್ಲಿ ನೆಲಕಚ್ಚಿದ್ದೇಕೆ?

ಅಮೆರಿಕನ್ ಫುಟ್‌ಬಾಲ್ ನೋಡುವವರು ಪದೇ ಪದೇ ಕೇಳುವ ಪ್ರಶ್ನೆ: ಕ್ಯಾನ್ಸಸ್ ಸಿಟಿ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಪ್ಯಾಟ್ರಿಕ್ ಮಹೋಮ್ಸ್‌ಗೆ ಲೀಗ್ ಫೈನಲ್ ಆದ ಸೂಪರ್ ಬೌಲ್‌ನಂಥ ದೊಡ್ಡ ಆಟದ ಒತ್ತಡ ತಡೆಯೋಕೆ ಆಗಲ್ವಾ?

ಈ ಆಟದಲ್ಲಿ ಒತ್ತಡ ಅಂದರೆ ಎದೆ ಡವಡವ ಅನ್ನುವುದಲ್ಲ, ನೂರಿಪ್ಪತ್ತು ಕಿಲೋ ಆಳು ಮೈಮೇಲೆ ಬೀಳುವುದು. ಎಸೆಯಲು ಸಿಗುವುದು ಸುಮಾರು 2.5 ಸೆಕೆಂಡ್. ಮುಂದೆ ಐವರ ಕಾವಲು. ಚೆಂಡು ಹಿಡಿಯಲು ಓಡುವವರು ಹೆಚ್ಚೆಂದರೆ ಐವರು. ಹನ್ನೊಂದು ಎದುರಾಳಿಗಳಲ್ಲಿ ಐದಾರು ಜನ ನುಗ್ಗಿದರೆ ಅದು ಬ್ಲಿಟ್ಜ್. ಹಿಂದೆ ಜಾಗ ಖಾಲಿ, ಮಹೋಮ್ಸ್‌ಗೆ ಹಬ್ಬ. ನಾಲ್ವರೇ ಆ ಕಾವಲು ಒಡೆದರೆ? ಓಡುವ ಐವರ ಬೆನ್ನಿಗೆ ಏಳು ಜನ ಉಳಿದಿರುತ್ತಾರೆ.

2021ರಲ್ಲಿ ಟ್ಯಾಂಪಾ ಬೇ ಮಾಡಿದ್ದು ಇದನ್ನೇ. ಕ್ಯಾನ್ಸಸ್ ಸಿಟಿಯ ಕಾವಲಿನ ಎರಡೂ ತುದಿಯ ಟ್ಯಾಕಲ್‌ಗಳು, ಫಿಷರ್ ಮತ್ತು ಶ್ವಾರ್ಟ್ಜ್, ಗಾಯಗೊಂಡು ಹೊರಗಿದ್ದರು. ಟ್ಯಾಂಪಾದ ಇಬ್ಬರು ಸೇಫ್ಟಿಗಳು (ಕೊನೆಯ ಸಾಲಿನ ರಕ್ಷಕರು) ಆಳದಲ್ಲಿ ನಿಂತು ಉದ್ದ ಎಸೆತಕ್ಕೆ ಬಾಗಿಲು ಹಾಕಿದರು. ಸೋಲು 31–9. 2025ರಲ್ಲಿ ಫಿಲಡೆಲ್ಫಿಯಾ ಒಂದೇ ಒಂದು ಬ್ಲಿಟ್ಜ್ ಇಲ್ಲದೆ ಮಹೋಮ್ಸ್‌ನನ್ನು ಆರು ಸಲ ಸ್ಯಾಕ್ ಮಾಡಿತು, ಅಂದರೆ ಎಸೆಯುವ ಮೊದಲೇ ಕೆಡವಿತು. ಎಡ ಟ್ಯಾಕಲ್ ಜಾಗದಲ್ಲಿದ್ದ ಥೂನಿ ಮೂಲತಃ ಗಾರ್ಡ್, ಅಂದರೆ ಕಾವಲಿನ ಒಳಬದಿಯವನು.

ಮನೋಬಲದ ಮಾತಾಡುವವರು 2023 ನೋಡಲಿ. ಆ ಋತುವಿನಲ್ಲಿ 70 ಸ್ಯಾಕ್ ಮಾಡಿದ್ದ ಇದೇ ಫಿಲಡೆಲ್ಫಿಯಾ ಫೈನಲ್‌ನಲ್ಲಿ ಇದೇ ಮಹೋಮ್ಸ್‌ನನ್ನು ಒಮ್ಮೆಯೂ ಕೆಡವಲಿಲ್ಲ. ಗೆಲುವು 38–35.

ಹಾಗಂತ ಅವನ ತಪ್ಪೇ ಇಲ್ಲ ಅಂತಲ್ಲ. ಬದಿಯಿಂದ ಬರುವವನನ್ನು ಟ್ಯಾಕಲ್ ಹೊರಸುತ್ತಿಗೆ ತಳ್ಳಿ, ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನಿಂದ ಸಾಗಹಾಕುತ್ತಾನೆ. ಕ್ವಾರ್ಟರ್‌ಬ್ಯಾಕ್ ಆಟ ಶುರುವಾಗುವ ಗೆರೆಯಿಂದ ಏಳೆಂಟು ಯಾರ್ಡ್ ಹಿಂದೆ ನಿಂತು ಮುಂದಕ್ಕೆ ಹೆಜ್ಜೆಯಿಟ್ಟರೆ ಬಚಾವ್. ಒಂದೆರಡು ಪೆಟ್ಟು ತಿಂದ ಮೇಲೆ ಮಹೋಮ್ಸ್ ಹಿಂದೆ ಹಿಂದೆ ಸರಿಯುತ್ತಾನೆ. ಹನ್ನೆರಡು ಯಾರ್ಡ್‌ಗೆ ಹೋದರೆ ಆ ಸುತ್ತು ದಾರಿ ನೇರ ಅವನ ಮೈಮೇಲೇ ಬಂದು ಮುಗಿಯುತ್ತದೆ. ಕಾವಲಿಗೆ ಇನ್ನೊಬ್ಬನನ್ನು ಉಳಿಸಿಕೊಳ್ಳಬಹುದು; ಆಗ ಓಡುವವರು ನಾಲ್ವರೇ. ಬೇಗ ಎಸೆಯುವ ಗಿಡ್ಡ ಪಾಸೂ ಉಂಟು, ಕ್ರಮಿಸಬೇಕಾದ ದೂರ ಹೆಚ್ಚಾದರೆ ಉಪಯೋಗವಿಲ್ಲ.

2025ರ ಎರಡನೇ ಕ್ವಾರ್ಟರ್‌ನಲ್ಲಿ ಆಗಿದ್ದು ಅದೇ. ಸಾಲಾಗಿ ಎರಡು ಸ್ಯಾಕ್. ಚೆಂಡು ಉಳಿಸಿಕೊಳ್ಳಲು ಮೂರನೇ ಯತ್ನಕ್ಕೆ 16 ಯಾರ್ಡ್ ಬೇಕು. ಮಹೋಮ್ಸ್ ಬಲಕ್ಕೆ ಓಡುತ್ತಲೇ ದೇಹಕ್ಕೆ ಅಡ್ಡಲಾಗಿ ಮಧ್ಯಕ್ಕೆ ಎಸೆದ. ಅಲ್ಲಿದ್ದ ಫಿಲಡೆಲ್ಫಿಯಾದ ಕೂಪರ್ ಡಿಜೀನ್ ಚೆಂಡು ಹಿಡಿದು 38 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಅವತ್ತು ಡಿಜೀನ್‌ನ 22ನೇ ಹುಟ್ಟುಹಬ್ಬ.