ದೊಡ್ಡ ಬೆಕ್ಕಿನ ಆರೋಗ್ಯ ತಕ್ಕಡಿಯಿಂದ ಶುರು

ಮರಿಯಾಗಿದ್ದಾಗ ಲಸಿಕೆಗೆಂದು ಮೂರ್ನಾಲ್ಕು ಸಲ ವೈದ್ಯರನ್ನು ಕಂಡ ಬೆಕ್ಕು, ಸಂತಾನಹರಣ ಆಪರೇಷನ್ ಮುಗಿದ ಮೇಲೆ ಏಳೆಂಟು ವರ್ಷ ಅತ್ತ ತಲೆ ಹಾಕುವುದೇ ಇಲ್ಲ. ತಿನ್ನುತ್ತದೆ, ಮಲಗುತ್ತದೆ, ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಬೆಕ್ಕು ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಕಣ್ಣಿಗೆ ಬೀಳುವಷ್ಟು ಸೊರಗುವ ಹೊತ್ತಿಗೆ ರೋಗ ಒಳಗೆ ಹಳೆಯದಾಗಿರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆಯ ತಪಾಸಣೆಯಷ್ಟೇ ಮುಖ್ಯವಾದದ್ದು ಮನೆಯಲ್ಲಿ ಬರೆದಿಡುವ ನಾಲ್ಕು ಅಂಕಿ.

ಮೊದಲನೆಯದು ತೂಕ. 4 ಕೆಜಿ ಬೆಕ್ಕು 200 ಗ್ರಾಂ ಇಳಿದರೆ ಅದು ಶೇ. 5, 60 ಕೆಜಿಯ ಮನುಷ್ಯ 3 ಕೆಜಿ ಇಳಿದ ಹಾಗೆ. ಬೆಕ್ಕನ್ನು ಎತ್ತಿಕೊಂಡು ನಮ್ಮ ತಕ್ಕಡಿಯ ಮೇಲೆ ನಿಂತು, ಆಮೇಲೆ ನಮ್ಮ ತೂಕ ಕಳೆಯುವ ಲೆಕ್ಕದಲ್ಲಿ ಆ 200 ಗ್ರಾಂ ಸಿಗುವುದೇ ಇಲ್ಲ. ಕೂಸುಗಳನ್ನು ತೂಗುವ, 10 ಗ್ರಾಂ ತನಕ ತೋರಿಸುವ ತಕ್ಕಡಿ ಬೇಕು. ಅದರ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಸೊನ್ನೆಗೆ ತನ್ನಿ. ಪೆಟ್ಟಿಗೆ ಕಂಡರೆ ಬೆಕ್ಕು ತಾನೇ ಹೋಗಿ ಕೂರುತ್ತದೆ, ಹಿಡಿಯುವ ಗೋಜಿಲ್ಲ. ತಿಂಗಳಿಗೊಮ್ಮೆ, ಊಟಕ್ಕೆ ಮುಂಚೆ ತೂಗಿದರೆ ಸಾಕು. ಚೆನ್ನಾಗಿ ತಿನ್ನುತ್ತಲೇ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಯ ಅನುಮಾನ ಮೊದಲು ಬರಬೇಕು. "ವಯಸ್ಸಾಯಿತು, ಇಳಿದಿದೆ" ಎಂಬ ಸಮಾಧಾನ ಇಲ್ಲಿ ಸಲ್ಲದು.

ದಪ್ಪಗಾದ ಬೆಕ್ಕಿನ ಕಥೆ ಬೇರೆ. ಅದನ್ನು ಉಪವಾಸ ಕೆಡವಿ ಇಳಿಸಬಾರದು. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಜೀವಕ್ಕೇ ಮುಳುವಾಗುತ್ತದೆ. ವಾರಕ್ಕೆ ಶೇ. 1ರಷ್ಟು ಇಳಿದರೆ ಒಳ್ಳೆಯ ವೇಗ.

ಎರಡನೆಯದು ನೀರು. ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 50 ಮಿಲೀ ದಾಟಿ ಕುಡಿಯುತ್ತಿದ್ದರೆ ಪರೀಕ್ಷೆ ಮಾಡಿಸಿ. ಅಳೆದ ನೀರು ಹಾಕಿ ಮಾರನೆಯ ದಿನ ಉಳಿದದ್ದನ್ನು ಅಳೆಯಬಹುದು. ಆವಿಯಾದದ್ದರ ಲೆಕ್ಕಕ್ಕೆ ಅದೇ ಅಳತೆಯ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಸಿಗದ ಕಡೆ ಇಡಿ. ಇದಕ್ಕಿಂತ ಸುಲಭದ್ದು ಮೂರನೆಯ ಅಂಕಿ: ಲಿಟರ್ ಟ್ರೇಯಲ್ಲಿ, ಅಂದರೆ ಬೆಕ್ಕು ಶೌಚಕ್ಕೆ ಹೋಗುವ ಮರಳಿನ ತಟ್ಟೆಯಲ್ಲಿ, ದಿನಕ್ಕೆ ಮೂತ್ರದಿಂದ ಗಟ್ಟಿಯಾದ ಎಷ್ಟು ಉಂಡೆ, ಎಷ್ಟು ಗಾತ್ರ. ಉಂಡೆ ದೊಡ್ಡದಾಗುತ್ತಾ ಹೋದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿದರೂ ಹನಿ ಮೂತ್ರ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು, ಅದನ್ನು ಮಲಬದ್ಧತೆಯೆಂದು ಎಣಿಸಿ ಕೂತವರೇ ಹೆಚ್ಚು.

ನಾಲ್ಕನೆಯದು ಉಸಿರು. ಗಾಢ ನಿದ್ದೆಯಲ್ಲಿದ್ದಾಗ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30 ದಾಟುವುದು ಪದೇ ಪದೇ ಕಂಡರೆ ಹೃದಯದ ತೊಂದರೆಯಿಂದ ಶ್ವಾಸಕೋಶದಲ್ಲೋ ಅದರ ಸುತ್ತಲೋ ನೀರು ಸೇರುತ್ತಿರಬಹುದು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಎಷ್ಟೋ ಬೆಕ್ಕುಗಳಲ್ಲಿ ಸ್ಟೆತಸ್ಕೋಪಿಗೆ ಸಿಗುವುದೇ ಇಲ್ಲ.

ಲಸಿಕೆಯ ವಿಷಯ ಇಷ್ಟು ಗೋಜಲಿನದಲ್ಲ. ಮರಿಯಲ್ಲಿ ಪೂರ್ತಿ ಸರಣಿ ಮತ್ತು ನಂತರದ ಬೂಸ್ಟರ್ ಆಗಿದ್ದರೆ, ಮನೆಯೊಳಗೇ ಇರುವ ಬೆಕ್ಕಿಗೆ ಮುಖ್ಯ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕು. ಹೊರಗೆ ತಿರುಗುವ, ಬೋರ್ಡಿಂಗ್‌ಗೆ ಹೋಗುವ ಬೆಕ್ಕಿಗೆ ಶೀತದ ವೈರಸ್‌ಗಳ ಲಸಿಕೆ ವರ್ಷಕ್ಕೊಮ್ಮೆ. ರೇಬೀಸ್ ಮಾತ್ರ ಲಸಿಕೆಯ ಲೇಬಲ್ ಮತ್ತು ಸ್ಥಳೀಯ ಕಾನೂನಿನಂತೆ. ಚುಚ್ಚಿದ ಜಾಗವನ್ನು ಬರೆದಿಟ್ಟುಕೊಳ್ಳಿ: ಗಂಟು ಮೂರು ತಿಂಗಳಾದರೂ ಹೋಗದಿದ್ದರೆ, 2 ಸೆಂಮೀ ಮೀರಿದರೆ, ಅಥವಾ ಒಂದು ತಿಂಗಳ ಬಳಿಕವೂ ಬೆಳೆಯುತ್ತಿದ್ದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕು. ಲಸಿಕೆಯನ್ನು ಭುಜಗಳ ನಡುವೆ ಕೊಡದೆ ಕಾಲಿನ ಕೆಳಭಾಗದಲ್ಲಿ ಕೊಡುವುದೂ ಇದೇ ಕಾರಣಕ್ಕೆ. ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಹುಟ್ಟಿದರೆ ಕಾಲು ತೆಗೆದು ಜೀವ ಉಳಿಸಬಹುದು.

ಚಿಗಟದ ಔಷಧಿಯಲ್ಲಿ ಆಗುವ ಅನಾಹುತ ಒಂದೇ, ಆದರೆ ಘೋರ: ನಾಯಿಗೆಂದು ತಂದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೂ ಹಾಕುವುದು. ಬೆಕ್ಕಿನ ಯಕೃತ್ತು ಅದನ್ನು ಬೇಗ ಒಡೆದು ಹೊರಹಾಕಲಾರದು. ನಡುಕ, ಫಿಟ್ಸ್, ಸಾವು. ಪ್ಯಾರಾಸಿಟಮಾಲ್‌ನ ಕಥೆಯೂ ಹೀಗೆಯೇ, ಒಂದು ಮಾತ್ರೆ ಸಾಕು. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥವು ಕಂಡರೆ ಅದು ಲಾಡಿಹುಳು. ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿ ಕೊಟ್ಟು ಚಿಗಟವನ್ನು ಹಾಗೇ ಬಿಟ್ಟರೆ, ನೆಕ್ಕುವಾಗ ಚಿಗಟ ನುಂಗಿ ಮತ್ತೆ ಹುಳು ಬರುತ್ತದೆ.

ಹತ್ತು ವರ್ಷದ ತನಕ ವರ್ಷಕ್ಕೊಮ್ಮೆ, ಹತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ. ರಕ್ತದ ಜೊತೆ ಮೂತ್ರವನ್ನೂ ಕೊಡಿ. ಕಿಡ್ನಿಯ ಮುಕ್ಕಾಲು ಭಾಗ ಹೋಗುವ ತನಕ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಶ್ಮಲ) ಏರದಿರಬಹುದು. ಮೂತ್ರ ನೀರಾಗುವುದು ಅದಕ್ಕಿಂತ ಮುಂಚೆ. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಮೂತ್ರದ್ದು 1.035ಕ್ಕಿಂತ ಕಡಿಮೆ ಇದ್ದರೆ ಕಾರಣ ಹುಡುಕಬೇಕು.

ಹಲ್ಲಿಗೆ ದಿನವೂ ಬ್ರಷ್, ಬೆಕ್ಕಿನದೇ ಪೇಸ್ಟ್. ಅರಿವಳಿಕೆ ಇಲ್ಲದೆ ಮಾಡುವ ಕ್ಲೀನಿಂಗ್ ಬರೀ ಹೊಳಪು. ಒಸಡಿನ ಕೆಳಗೆ ಕರಗುತ್ತಿರುವ ಬೇರು ಎಕ್ಸ್‌ರೇಗಲ್ಲದೆ ಕಾಣದು.

ಇನ್ನು ಕ್ಯಾರಿಯರ್, ಬೆಕ್ಕನ್ನು ವೈದ್ಯರಲ್ಲಿಗೆ ಒಯ್ಯುವ ಪೆಟ್ಟಿಗೆ. ಹೊರಡುವ ದಿನ ಅಟ್ಟದಿಂದ ಇಳಿಸಿದರೆ ಬೆಕ್ಕು ಬೀರುವಿನ ಹಿಂದೆ. ಬಾಗಿಲು ತೆರೆದು, ಒಳಗೆ ಹಳೆಯ ಟವೆಲ್ ಹಾಸಿ, ವರ್ಷವಿಡೀ ಕೋಣೆಯ ಮೂಲೆಯಲ್ಲೇ ಇರಲಿ. ಮೇಲ್ಮುಚ್ಚಳ ಕಳಚುವಂಥದ್ದಾದರೆ ಬೆಕ್ಕು ತಳದಲ್ಲೇ ಕೂತಿರುವಾಗ ವೈದ್ಯರು ನೋಡಬಹುದು. ಅಲ್ಲಿಗೆ ಹೋದ ಮೇಲೆ ಮೊದಲು ರಕ್ತದೊತ್ತಡ ನೋಡಲು ಕೇಳಿ, ಸೂಜಿ ಆಮೇಲೆ. ಹೆದರಿದ ಬೆಕ್ಕಿನಲ್ಲಿ ರಕ್ತದೊತ್ತಡ, ಸಕ್ಕರೆ ಎರಡೂ ಏರಿರುತ್ತವೆ. ಹತ್ತು ನಿಮಿಷ ಸುಮ್ಮನೆ ಕೂರಿಸಿದ ಮೇಲೂ ರಕ್ತದೊತ್ತಡದ ಮೇಲಿನ ಅಂಕಿ 160 ದಾಟಿದ್ದರೆ ಇನ್ನೊಂದು ದಿನ ಮತ್ತೆ ಅಳೆಸಿ.