ಹಗ್ಗವಿಲ್ಲದ ಹಡಗು

ಲಂಡನ್ನಿನಲ್ಲಿ ಕಳೆದ ಐದು ದಿನಗಳಲ್ಲಿ ನಾಲ್ಕು ದಿನಗಳು ಎಲ್ಲರೂ ನೋಡುವ ಅರಮನೆ, ಸೇತುವೆಗಳಲ್ಲಿಯೇ ಮುಗಿದವು. ನೆನಪಿನಲ್ಲಿ ನಿಂತದ್ದು ಗ್ರೀನಿಚ್‌ನ ಕಟಿ ಸಾರ್ಕ್ ಎಂಬ ಹಳೆಯ ಹಾಯಿಹಡಗಿನ ಮೇಲೆ ಕಳೆದ ಒಂದು ಗಂಟೆ ಮಾತ್ರ.

ಅಲ್ಲಿಗೆ ರೈಲಿನಲ್ಲಿ ಹೋಗುವವರು ನಡುವಿನ ಬೋಗಿಯಲ್ಲಿಯೇ ಕುಳಿತುಕೊಳ್ಳಬೇಕು. ಪ್ಲಾಟ್‌ಫಾರಂ ರೈಲಿಗಿಂತ ಗಿಡ್ಡವಾದುದರಿಂದ ತುದಿಯ ಬಾಗಿಲುಗಳು ತೆರೆಯುವುದಿಲ್ಲ. ಘೋಷಣೆ ಕಿವಿಗೆ ಬಿದ್ದರೂ ಗಮನಿಸದ ನಾನು ಮುಂದಿನ ನಿಲ್ದಾಣದಲ್ಲಿ ಇಳಿದು, ನನ್ನನ್ನೇ ಬೈದುಕೊಳ್ಳುತ್ತಾ ಮಳೆಯಲ್ಲಿ ಹಿಂದಕ್ಕೆ ನಡೆದೆ.

ಚೀನಾದಿಂದ ಚಹಾ ತರಲೆಂದು 1869ರಲ್ಲಿ ನೀರಿಗಿಳಿಸಿದ ಹಡಗು ಅದು. ಡೆಕ್ಕಿನ ಮೇಲೆ ನಿಂತು, ತಲೆಯ ಮೇಲೆ ಹೆಣೆದುಕೊಂಡಿದ್ದ ಸುಮಾರು 18 ಕಿಲೋಮೀಟರ್ ಉದ್ದದ ಹುರಿಜಾಲವನ್ನು ನೋಡುತ್ತಾ, ಹಿಂದೆ ನಾವಿಕರಾಗಿದ್ದ ವೃದ್ಧ ಮಾರ್ಗದರ್ಶಿಯೊಬ್ಬರನ್ನು "ಈ ಹಗ್ಗಕ್ಕೆ ಏನೆನ್ನುತ್ತಾರೆ?" ಎಂದು ಕೇಳಿದೆ.

"ಹಡಗಿನಲ್ಲಿ ಹಗ್ಗವಿರುವುದಿಲ್ಲ," ಎಂದರು ಅವರು, ನಗದೆ. "ಹಾಯಿಯನ್ನು ಮೇಲೇರಿಸುವುದು ಹ್ಯಾಲ್ಯರ್ಡ್, ಅದರ ಕೆಳಮೂಲೆಯನ್ನು ಹಿಡಿದಿಡುವುದು ಶೀಟ್, ಅಡ್ಡಮರವನ್ನು ತಿರುಗಿಸುವುದು ಬ್ರೇಸ್. ಕತ್ತಲಲ್ಲಿ, ಬಿರುಗಾಳಿಯಲ್ಲಿ, 'ಆ ಹಗ್ಗ ಎಳೆಯಿರಿ' ಎಂದು ಕೂಗಿದರೆ ಯಾರು ಯಾವುದನ್ನು ಎಳೆಯಬೇಕು?"

ಶೀಟ್ ಎಂದರೆ ಹಾಯಿಯ ಬಟ್ಟೆಯೆಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಕಂಠಪೂರ್ತಿ ಕುಡಿದವನನ್ನು ಇಂಗ್ಲಿಷಿನಲ್ಲಿ 'ಮೂರು ಶೀಟುಗಳು ಗಾಳಿಯಲ್ಲಿ' ಎನ್ನುವುದೂ, ಶೀಟು ಸಡಿಲವಾದರೆ ಹಾಯಿ ಪಟಪಟ ಬಡಿದು ಹಡಗು ಹಿಡಿತಕ್ಕೆ ಸಿಗದೆ ತೂರಾಡುವುದೂ ಒಂದೇ ಎಂದು ಆಗಷ್ಟೇ ಅರ್ಥವಾಯಿತು. ಬಲಪಕ್ಕಕ್ಕೆ ಸ್ಟಾರ್‌ಬೋರ್ಡ್, ಎಡಪಕ್ಕಕ್ಕೆ ಲಾರ್‌ಬೋರ್ಡ್ ಎಂದಿದ್ದ ಕಾಲದಲ್ಲಿ, ಗಾಳಿಯ ಅಬ್ಬರದಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತಿದ್ದುದರಿಂದ, ಬ್ರಿಟಿಷ್ ನೌಕಾಪಡೆ 1844ರಲ್ಲಿ ಎರಡನೆಯದನ್ನು ಕೈಬಿಟ್ಟು ಪೋರ್ಟ್ ಎಂಬುದನ್ನೇ ಕಡ್ಡಾಯ ಮಾಡಿತಂತೆ. ನಿಘಂಟುಕಾರರು ಮಾಡದ ಇಂಥ ತಿದ್ದುಪಡಿಯನ್ನು ನಾನು ಬಹಳ ಮೆಚ್ಚುತ್ತೇನೆ. ಅದೇ ಹಡಗಿನ ಅಂಗಡಿಯಲ್ಲಿ 'ನಾವಿಕರ ನುಡಿ' ಎಂದು ಚಹಾ ಲೋಟಗಳ ಮೇಲೆ ಅಚ್ಚುಹಾಕಿ ಮಾರುತ್ತಿದ್ದ ಪದಗಳು ಮಾತ್ರ ಸಪ್ಪೆ.

"ಡಿಂಗಿ ನಿಮ್ಮ ಕಡೆಯ ಮಾತು, ಗೊತ್ತೇ?" ಎಂದರು ಅವರು. ಬಂಗಾಳದ ಪುಟ್ಟ ದೋಣಿಯ ಹೆಸರು ಅಂಬಿಗರ ಬಾಯಿಂದ ನಾವಿಕರ ಬಾಯಿಗೆ ದಾಟಿತ್ತು.

ಹೊರಡುವಾಗ ಹಡಗಿನ ಹೆಸರಿನ ಅರ್ಥವನ್ನೂ ಕೇಳಿದೆ. ಸ್ಕಾಟ್ ನುಡಿಯಲ್ಲಿ ಅದು ಗಿಡ್ಡ ಒಳಅಂಗಿಯಂತೆ; ರಾಬರ್ಟ್ ಬರ್ನ್ಸ್‌ನ ಪದ್ಯವೊಂದರ ಮಾಟಗಾತಿ ತೊಟ್ಟದ್ದು. ಹಡಗಿನ ಮುಂತುದಿಯ ಕೆಳಗೆ ಗೊಂಬೆಯಾಗಿ ಆಕೆಯೇ ತೋಳು ಚಾಚಿ ನಿಂತಿದ್ದಳು, ಪದ್ಯದಲ್ಲಿ ಕಿತ್ತುಕೊಂಡ ಕುದುರೆಯ ಬಾಲವನ್ನು ಕೈಯಲ್ಲಿ ಹಿಡಿದು.