ಬೇಸಿಗೆ ರಜೆಗೆ ಮೇಷ್ಟ್ರು ಬರೆದುಕೊಟ್ಟ ಚೀಟಿಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಮಲ್ಲೇಶ್ವರದ ಈ ಶಾಲೆಯಲ್ಲಿ ಓದುತ್ತಿದ್ದಾಗ, ವಾರ್ಷಿಕ ಪರೀಕ್ಷೆ ಮುಗಿದೊಡನೆ ಕನ್ನಡ ಮೇಷ್ಟ್ರು ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡುತ್ತಿದ್ದರು. ರಜೆಯಲ್ಲಿ ಓದಬೇಕಾದ ಒಂದೆರಡು ಪುಸ್ತಕಗಳ ಹೆಸರು ಅದರಲ್ಲಿರುತ್ತಿತ್ತು. ಆದರೆ ಒಬ್ಬನ ಚೀಟಿಯಂತೆ ಇನ್ನೊಬ್ಬನದು ಇರುತ್ತಿರಲಿಲ್ಲ. ಯಾರ ಮನೆ ಎಲ್ಲಿ, ರಜೆಗೆ ಯಾರು ಯಾವ ಊರಿಗೆ ಹೋಗುತ್ತಾರೆ, ಯಾರಿಗೆ ನಾಯಿಯೆಂದರೆ ಪ್ರಾಣ, ದಪ್ಪ ಪುಸ್ತಕ ಕಂಡರೆ ಯಾರಿಗೆ ಭಯ ಎಂಬುದನ್ನೆಲ್ಲ ವರ್ಷವಿಡೀ ಗಮನಿಸಿ ಬರೆದ ಚೀಟಿಗಳು ಅವು ಎಂಬುದು, ನನ್ನ ಮಕ್ಕಳಿಗೆ ಪುಸ್ತಕ ಹುಡುಕುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಚೆನ್ನಾಗಿ ಅರ್ಥವಾಗಿದೆ.

ಚಿಕ್ಕ ಮಕ್ಕಳ ವಿಷಯದಲ್ಲಿ ಅವರಿಗೆ ಹೆಚ್ಚು ಚಿಂತೆಯಿರಲಿಲ್ಲ. ಅಕ್ಷರ ಕೂಡಿಸಲು ಕಲಿಯುತ್ತಿರುವವರಿಗೆ ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳಿದ್ದವು, ಸ್ವಲ್ಪ ದೊಡ್ಡವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇತ್ತು. (ಆ ಬೊಮ್ಮನಹಳ್ಳಿ ಹೊಸೂರು ರಸ್ತೆಯದಲ್ಲ, ತುಂಗಾ ತೀರದ್ದು ಎಂದು ಬೆಂಗಳೂರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು.) ಮೂರು ನಾಲ್ಕನೆಯ ತರಗತಿಯವರ ಚೀಟಿಯಲ್ಲಿ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಇರುತ್ತಿತ್ತು. ವರ್ಷವಿಡೀ ದಿನಕ್ಕೊಂದರಂತೆ ಓದಲು 12 ಸಂಪುಟಗಳು ಎಂಬುದು ಪುಸ್ತಕದ ಲೆಕ್ಕ. ಒಂದು ತಿಂಗಳ ಕಥೆಗಳನ್ನು ಎರಡು ಮಧ್ಯಾಹ್ನಗಳಲ್ಲಿ ಮುಗಿಸುವುದು ಮಕ್ಕಳ ಲೆಕ್ಕ.

ಕಷ್ಟವಿದ್ದದ್ದು ಐದರಿಂದ ಏಳನೆಯ ತರಗತಿಯವರದು. ರಾಜಕುಮಾರಿಯ ಕಥೆ ಚಿಕ್ಕವರದೆಂದು ತೋರಿ, ದೊಡ್ಡವರ ಕಾದಂಬರಿ ಇನ್ನೂ ಒಗ್ಗದೆ, ಓದುವ ಅಭ್ಯಾಸವೇ ಸದ್ದಿಲ್ಲದೆ ಬಿಟ್ಟುಹೋಗುವ ವಯಸ್ಸು ಅದು. ಈ ವಯಸ್ಸಿನವರನ್ನು ಮೇಷ್ಟ್ರು ಕಾಡಿಗೆ ಕಳುಹಿಸುತ್ತಿದ್ದರು. “ನಿಮ್ಮ ಮನೆ ಯಶವಂತಪುರದ ಆಚೆ ತಾನೇ? ಹಾಗಾದರೆ ಇದನ್ನು ಓದು” ಎಂದು ನನಗೆ ಅವರು ಬರೆದುಕೊಟ್ಟದ್ದು ‘ಜಾಲಹಳ್ಳಿಯ ಕುರ್ಕ’. ಬೆಂಗಳೂರಿನಲ್ಲಿಯೇ ನೆಲೆಸಿದ್ದ ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆಯ 4 ಭಾಗಗಳಲ್ಲಿ ಅದೊಂದು. ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಇನ್ನೊಂದು. ದಿನವೂ ಬಸ್ಸಿನ ಬೋರ್ಡಿನಲ್ಲಿ ಕಾಣುತ್ತಿದ್ದ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ಚಿರತೆ ಅಡಗಿ ಕುಳಿತಿತ್ತೆಂದು ತಿಳಿದ ಮೇಲೆ, ಊರಿನ ಅಂಚಿನಲ್ಲಿ ಹಿಂದೆ ಏನೇನಿತ್ತೆಂದು ಅಜ್ಜನನ್ನು ಕೇಳಿ ಕೇಳಿ ಬೇಸರ ಹಿಡಿಸಿದ್ದೆ. ನಾಯಿಯ ಹುಚ್ಚಿದ್ದ ನನ್ನ ಗೆಳೆಯನಿಗೆ ಸಿಕ್ಕಿದ್ದು ‘ಪರಿಸರದ ಕಥೆ’; ಅದರಲ್ಲಿ ಬರುವ, ‘ಕಿವಿ’ ಎಂಬ ಹೆಸರಿನ ತೇಜಸ್ವಿಯವರ ನಾಯಿಯ ಪ್ರಸಂಗಗಳನ್ನು ಅವನು ರಜೆಯ ನಂತರವೂ ತಿಂಗಳುಗಟ್ಟಲೆ ನಮಗೆ ಹೇಳುತ್ತಿದ್ದನು.

ಏಳನೆಯ ತರಗತಿಗೆ ‘ಕರ್ವಾಲೊ’ ಹೆಚ್ಚಾಯಿತೆಂದು ಆಗ ಕೆಲವು ಪೋಷಕರು ಆಕ್ಷೇಪಿಸಿದ್ದರು. ನನಗೆ ಹಾಗನ್ನಿಸುವುದಿಲ್ಲ. 1980ರಲ್ಲಿ ಬಂದ ಆ ಕಾದಂಬರಿಯ ಒಳಗಿನ ವಿಚಾರಗಳು ಹನ್ನೆರಡರ ವಯಸ್ಸಿಗೆ ದಕ್ಕದೆ ಹೋಗಬಹುದು, ಆದರೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟವರ ಹಿಂದೆ ಹೋಗಲು ಅಷ್ಟೆಲ್ಲ ಸಿದ್ಧತೆ ಬೇಕಾಗಿಲ್ಲ. ಉಳಿದದ್ದನ್ನು ಎರಡನೆಯ ಸಲ ಓದುವಾಗ ನೋಡಿಕೊಳ್ಳಬಹುದು. ನಮ್ಮ ಕಾಲದ ನಂತರ ಮನ್ನಣೆ ಪಡೆದವುಗಳಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರಕ್ಕೆ 2010ರಲ್ಲಿ ಪಾತ್ರವಾದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ ಮತ್ತು 2011ರಲ್ಲಿ ಪಾತ್ರವಾದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೇ ವಯಸ್ಸಿನವರಿಗೆ ನಾನು ಮೊದಲು ಹೇಳುವ ಹೆಸರುಗಳು. ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಪುಸ್ತಕಗಳನ್ನು ರಜೆಗೆಂದು ಕೊಳ್ಳುವ ತಂದೆತಾಯಿಯರಿಗೆ ಅದನ್ನು ಜೂನ್ ತಿಂಗಳಿಗೆ ಎತ್ತಿಡಿ ಎನ್ನುತ್ತೇನೆ.

ಪುಸ್ತಕ ಸಿಗುವುದು ಬೆಂಗಳೂರಿನಲ್ಲಿ ಕಷ್ಟವಲ್ಲ. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಭಾರತ-ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಗಳು ಸಿಗುತ್ತಿದ್ದವು. ಒಂದು ಬಸ್ ಪ್ರಯಾಣಕ್ಕೆ ಒಂದು ಪುಸ್ತಕ ಸಾಕಾಗುತ್ತಿತ್ತು.

ಎಂಟನೆಯ ತರಗತಿಗೆ ಹೋಗುವವರಿಗೆ ಮೇಷ್ಟ್ರು ಬರೆಯುತ್ತಿದ್ದುದು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡು ಸುತ್ತಿಸಿದ ಅನುಭವವನ್ನು ಪ್ರಾಧ್ಯಾಪಕರೊಬ್ಬರು ಇಷ್ಟು ನಗಿಸುತ್ತ ಬರೆಯಬಹುದೆಂದು ನಾವು ಊಹಿಸಿರಲಿಲ್ಲ. “ಗಿಡದ ಶಾಸ್ತ್ರೀಯ ಹೆಸರು ಬಂದ ಕಡೆ ಹಾರಿಸಿ ಓದಿ, ಚಿತ್ರ ಬಂದ ಕಡೆ ನಿಲ್ಲಿ” ಎಂದು ಅವರು ಕೊಟ್ಟ ಸಲಹೆಯನ್ನು ಪಾಲಿಸಿದವರು ಪುಸ್ತಕ ಮುಗಿಸಿದರು. ಮೊದಲ ಪುಟದಿಂದ ಒಂದಕ್ಷರ ಬಿಡದೆ ಹೊರಟವರು ನಡುವೆಯೇ ಕೈಬಿಟ್ಟರು.

ಶಾಲೆಯ ಗ್ರಂಥಾಲಯದ ಬೀರುಗಳಿಗೆ ರಜೆಯಲ್ಲಿ ಬೀಗ ಬೀಳುವುದು ಇಂದಿಗೂ ವಾಡಿಕೆ. ಬೀಗ ಹಾಕುವ ಮುನ್ನ ಐದರಿಂದ ಏಳನೆಯ ತರಗತಿಯ ಪ್ರತಿ ಮಗುವೂ ಎರಡು ಪುಸ್ತಕ ಮನೆಗೆ ಒಯ್ಯುವಂತಾಗಲಿ ಎಂಬುದು ನಮ್ಮ ತಂಡದವರ ಕೋರಿಕೆ. ಅದಕ್ಕೆಂದು ‘ಕಾಡಿನ ಕಥೆಗಳು’ ಮಾಲೆಯ ಕೆಲವು ಪ್ರತಿಗಳನ್ನು ಈ ಏಪ್ರಿಲ್‌ನಲ್ಲಿ ಗ್ರಂಥಾಲಯಕ್ಕೆ ತಲುಪಿಸುತ್ತೇವೆ. ಯಾರಿಗೆ ಯಾವುದೆಂದು ಚೀಟಿ ಬರೆಯುವುದು ಮಾತ್ರ ಆ ಮಕ್ಕಳನ್ನು ಬಲ್ಲ ಈಗಿನ ಶಿಕ್ಷಕರಿಗೆ ಬಿಟ್ಟದ್ದು.